ಠಸ್ಸೆ ಬೀಳದ ಫಾರಿನ್

ಫಾರಿನ್ ಮಿಷನ್ ಅಂದರೆ ನಮ್ಮ ಕಡೆ ಫಾರಿನ್ ಪಾದ್ರಿಗಳು ಬರೋದು, ನಾವು ಕುರ್ಚಿ ಹಾಕೋದು. ಬೆಳಗಾವಿಗೆ ಲಂಡನ್ ಮಿಷನ್‌ನವರು 1820ರಲ್ಲೇ ಬಂದಿದ್ದರು. ನನ್ನ ತವರು ಗುಳೇದಗುಡ್ಡಕ್ಕೆ 1851ರಲ್ಲಿ ಬಾಸೆಲ್ ಮಿಷನ್‌ನವರು ಬಂದರು. ಇಲ್ಲಿಂದ ಹೊರಗೆ ಹೋದವರನ್ನು ನಾನಂತೂ ನೋಡಿರಲಿಲ್ಲ. ಹಾಗಾಗಿ 2016ರ ಮೇ ತಿಂಗಳಲ್ಲಿ ನಾವು ಎಂಟು ಜನ ನೇಪಾಳಕ್ಕೆ ಸೇವೆಗೆ ಹೊರಟಾಗ, ಚರ್ಚಿನ ಅರ್ಧ ಮಂದಿ ಸ್ಟೇಶನ್ನಿಗೆ ಬಂದಿದ್ದರು. ಗೋವಾ ಎಕ್ಸ್‌ಪ್ರೆಸ್ ಎರಡು ನಿಮಿಷ ನಿಲ್ಲೋದರಲ್ಲಿ ಸಭಾಪಾಲಕರು ಮೂರು ನಿಮಿಷದ ಪ್ರಾರ್ಥನೆ ಶುರು ಮಾಡಿದರು. ‘ಆಮೆನ್’ ಅನ್ನುವಾಗ ನನ್ನ ಒಂದು ಚಪ್ಪಲಿ ಪ್ಲಾಟ್‌ಫಾರ್ಮಿನಲ್ಲೇ ಇತ್ತು.

ಬ್ಯಾಗಿನಲ್ಲಿ ಅರವತ್ತು ಖಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ, ಕುಂದಾ ಇದ್ದವು. ನಾವು ಉಳಿಯುವ ಮನೆಯ ಹೆಣ್ಣುಮಗಳಿಗೆ ಅಂತ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಇತ್ತು. ಎಲ್ಲಕ್ಕಿಂತ ಮೇಲೆ, ಹೊಸ ಪಾಸ್‌ಪೋರ್ಟ್. ಭಾರತದವರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ ಅಂತ ಎಲ್ಲರೂ ಹೇಳಿದ್ದರು. ಆದರೂ ಮಾಡಿಸಿದ್ದೆ. ಐವತ್ತು ದಾಟಿದ ಮೇಲೆ ಮೊದಲ ಫಾರಿನ್ನು, ಒಂದು ಠಸ್ಸೆಯಾದರೂ ಬೇಡವೇ?

ದಿಲ್ಲಿ, ಗೋರಖ್‌ಪುರ ದಾಟಿ ಸೋನೌಲಿ ಗಡಿಗೆ ಬಂದೆವು. ಅಲ್ಲೊಂದು ದೊಡ್ಡ ಕಮಾನು. ಜನ ಸಂತೆಗೆ ಹೋದ ಹಾಗೆ ಆಚೆ ಈಚೆ ಓಡಾಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ನಾನೇ ಪಾಸ್‌ಪೋರ್ಟ್ ಬಿಚ್ಚಿ ಒಬ್ಬ ಪೊಲೀಸನ ಮುಂದೆ ಹಿಡಿದೆ. ಅವನು ಅರೆಗಣ್ಣಿನಲ್ಲಿ ನೋಡಿ ‘ಚಲೋ, ಚಲೋ’ ಅಂದ. ಫೋಟೋ ಚಲೋ ಬಂದಿದೆ ಅಂತ ಹೇಳುತ್ತಿದ್ದಾನೆ ಅಂದುಕೊಂಡು ನಕ್ಕೆ. ಹಿಂದಿನಿಂದ ನಮ್ಮ ತಂಡದ ಹುಡುಗ ‘ಟೀಚರ್, ಮುಂದ ನಡೀರಿ ಅನ್ನಾಕತ್ತಾನ’ ಅಂದ. ಹೀಗೆ ಕೈಯಲ್ಲಿ ರೊಟ್ಟಿ ಗಂಟು ಹಿಡಿದುಕೊಂಡು, ನಡೆದುಕೊಂಡೇ ನಾನು ವಿದೇಶ ಮುಟ್ಟಿದೆ.

ಆ ಕಡೆ ಮೊದಲ ಅಂಗಡಿಯಲ್ಲಿ ನೀರಿನ ಬಾಟಲಿ ಕೇಳಿದೆ. ಅಂಗಡಿಯವ ‘ಐಸಿ ಕಿ ಎನ್‌ಸಿ?’ ಅಂದ. ಅಂತೂ ಇಲ್ಲಿ ಐಡಿ ಕಾರ್ಡ್ ಕೇಳುತ್ತಾರಲ್ಲ ಅಂತ ಖುಷಿಯಿಂದ ಪಾಸ್‌ಪೋರ್ಟ್ ಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ. ಐಸಿ ಅಂದರೆ ಇಂಡಿಯಾದ ರೊಕ್ಕ, ಎನ್‌ಸಿ ಅಂದರೆ ನೇಪಾಳದ್ದಂತೆ. ನಮ್ಮ ನೂರಕ್ಕೆ ಅವರ 160. ಆ ಲೆಕ್ಕ ಗೊತ್ತಾದ ಮೇಲೆ ಸ್ವಲ್ಪ ಹೊತ್ತು ನಾನು ಸಾಹುಕಾರ್ತಿಯ ಹಾಗೆ ನಡೆದೆ.

ನಾವು ಹೋದದ್ದು ಗೋರ್ಖಾ ಜಿಲ್ಲೆಯ ಒಂದು ಹಳ್ಳಿಗೆ. ಹಿಂದಿನ ವರ್ಷದ ಭೂಕಂಪದ ಕೇಂದ್ರ ಇದ್ದದ್ದು ಆ ಜಿಲ್ಲೆಯಲ್ಲೇ. ನಮ್ಮ ಲೀಡರ್ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಅಲ್ಲಿನ 2015ರ ಸಂವಿಧಾನದ ಪ್ರಕಾರ ಮತಾಂತರ ಮಾಡಿಸುವಂತಿಲ್ಲ. ನಮ್ಮದು ಶಾಲೆ ಕಟ್ಟಲು ಕಲ್ಲು ಹೊರುವ ಕೆಲಸ, ಅಷ್ಟೇ. ಬಾಯಿಗೆ ಬೀಗ. ಹಾಗೆ ನೋಡಿದರೆ ನನ್ನ ಬಾಯಿಗೆ ಅವರು ಬೀಗ ಹಾಕುವ ಅಗತ್ಯವೇ ಇರಲಿಲ್ಲ. ನೇಪಾಳಿ ಭಾಷೆ ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು.

ನಾವು ಉಳಿಯುವ ಮನೆಗೆ ಹೋದ ಕೂಡಲೇ ಮನೆಯಾಕೆ ಎರಡೂ ಕೈ ಮುಂದೆ ಮಾಡಿ ‘ಬಸ್ನುಸ್, ಬಸ್ನುಸ್’ ಅಂದಳು. ಎದೆ ಧಸಕ್ ಅಂತು. ಬೆಳಗಾವಿಯಲ್ಲಿ ‘ಬಸ್’ ಅಂದರೆ ‘ಸಾಕು’ ಅಂತ. ಇನ್ನೂ ಹೊಸ್ತಿಲು ದಾಟಿಲ್ಲ, ಆಗಲೇ ಸಾಕಾದೆವಾ? ನಾನು ನಿಂತೇ ಇದ್ದೆ. ಅವಳು ಇನ್ನೂ ಜೋರಾಗಿ ‘ಬಸ್ನುಸ್’ ಅಂದಳು. ನಾನು ಬ್ಯಾಗು ಎತ್ತಿಕೊಂಡು ಹೊರಗೆ ಹೆಜ್ಜೆ ಇಟ್ಟೆ. ಕೊನೆಗೆ ಅವಳೇ ಓಡಿ ಬಂದು ನನ್ನ ಭುಜ ಹಿಡಿದು ಚಾಪೆಯ ಮೇಲೆ ಕೂರಿಸಿದಳು. ಬಸ್ನುಸ್ ಅಂದರೆ ಕೂತ್ಕೊಳ್ಳಿ ಅಂತ.

ಆ ಮುಜುಗರ ಮುಚ್ಚಲು ತಕ್ಷಣ ಉಡುಗೊರೆ ತೆಗೆದೆ. ನನ್ನ ಮಟ್ಟಿಗೆ ಅದು ಶುದ್ಧ ಹಿಂದಿ: ‘ದೀದಿ, ಯೇ ಹಮಾರೇ ಗಾಂವ್ ಕಾ ಖಣ ಹೈ.’ ಅವಳ ಮುಖ ಅರಳಿತು. ‘ಖಾನಾ?’ ಅಂತ ಒಳಗೆ ಒಯ್ದಳು. ನಮ್ಮ ಹಿಂದಿಗೂ ಅವರ ನೇಪಾಳಿಗೂ ಖಾನಾ ಅಂದರೆ ಊಟ. ಅಡುಗೆಮನೆಯಲ್ಲಿ ಆಕೆ ಮಡಿಕೆ ಮಡಿಕೆ ಬಿಡಿಸಿ, ಊಟ ಎಲ್ಲಿದೆ ಅಂತ ಹುಡುಕುತ್ತಿದ್ದಳು. ಕೊನೆಗೆ ಮೂಸಿಯೂ ನೋಡಿದಳು. ನಾನು ನನ್ನ ಕುಪ್ಪಸ ತೋರಿಸಿ ‘ಖಣ, ಖಣ’ ಅಂದೆ. ಈ ಹೆಂಗಸಿಗೆ ಬಹಳ ಹಸಿವಾಗಿದೆ ಅಂತ ಅವಳು ಒಂದು ಗುಡ್ಡ ಅನ್ನ ಬಡಿಸಿದಳು.

ನಮ್ಮಜ್ಜಿ ಗುಳೇದಗುಡ್ಡದ ಹಳೆಯ ಮಿಷನ್ ದೊರೆಗಳ ಕಥೆ ಹೇಳಿ ನಗುತ್ತಿದ್ದಳು. ಅವರ ಬಾಯಲ್ಲಿ ಳ ಹೊರಳುತ್ತಿರಲಿಲ್ಲವಂತೆ. ಸಾಕ್ಷಿ ‘ಹೇಳಿರಿ’ ಅಂತ ಅವರು ಕೇಳಿದಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿಯುತ್ತಿದ್ದರಂತೆ. ಯಾಕೆ ಅಂತ ಕನ್ನಡ ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ನಾನೂ ನಕ್ಕಿದ್ದೆ, ಜಾಸ್ತಿಯೇ ನಕ್ಕಿದ್ದೆ. ಕಿಟ್ಟೆಲ್ ಅವರು 1853ರಲ್ಲಿ ನಮ್ಮ ಕಡೆ ಬಂದರು, ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತು ವರ್ಷ ಅವರನ್ನು ನೋಡಿ ಎಷ್ಟು ಜನ ನಕ್ಕಿರಬೇಡ! ನಾನು ಹೋದದ್ದು ಹದಿನಾಲ್ಕು ದಿನಕ್ಕೆ, ಹನ್ನೆರಡು ಶಬ್ದ ಕಲಿತು.

ಭಾನುವಾರ ಬೆಳಗ್ಗೆ ಬಿಳಿ ಸೀರೆ ಉಟ್ಟು, ಬೈಬಲ್ ಹಿಡಿದು ಚರ್ಚಿಗೆ ಹೋದೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಒಂದು ಆಡು ಮಲಗಿತ್ತು. ಅವರ ಗಡಿಯಾರ ನಮಗಿಂತ 15 ನಿಮಿಷ ಮುಂದೆ ಅಂತ ಗೊತ್ತಿತ್ತು. ಅವರ ಪಂಚಾಂಗದಲ್ಲಿ ಅದು 2073 ಅನ್ನೋದೂ ಗೊತ್ತಿತ್ತು. ಅಲ್ಲಿ ವಾರದ ರಜೆ ಶನಿವಾರ, ಚರ್ಚಿನ ಆರಾಧನೆಯೂ ಶನಿವಾರವೇ ಅನ್ನೋದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ. ಶನಿವಾರ ಎಲ್ಲರೂ ಕರೆದಾಗ ನಾನು ‘ಸೊಂಟ ಹಿಡದೈತಿ’ ಅಂತ ಮಲಗಿದ್ದೆ.

ಆಮೇಲೆ ತಿಳಿಯಿತು, 2015ರ ಏಪ್ರಿಲ್ 25 ಕೂಡ ಶನಿವಾರ. ಭೂಮಿ ನಡುಗಿದ್ದು ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ನಿಮಿಷ ಮೊದಲು. ಆರಾಧನೆಗೆ ಸೇರಿದ್ದ ಜನ ಎಷ್ಟೋ ಚರ್ಚುಗಳಲ್ಲಿ ಗೋಡೆಯ ಕೆಳಗೆ ಸಿಕ್ಕಿದರು. ರಜೆಯಾದ್ದರಿಂದ ಶಾಲೆಗಳು ಖಾಲಿ ಇದ್ದವು. ಶಾಲೆ ಬಿತ್ತು, ಮಕ್ಕಳು ಉಳಿದರು. ದೀದಿ ಇದನ್ನು ಸೊಪ್ಪು ಸೋಸುತ್ತಾ, ಹಿಂದಿ ಬೆರೆಸಿ ಹೇಳಿದಳು. ನನ್ನ ಹತ್ತಿರ ಇದಕ್ಕೊಂದು ಬೈಬಲ್ ವಚನ ಇದ್ದೇ ಇರುತ್ತದೆ, ಅಲ್ವಾ? ಸಂಡೆ ಸ್ಕೂಲಿನ ಟೀಚರು. ಆವತ್ತು ಒಂದೂ ಬಾಯಿಗೆ ಬರಲಿಲ್ಲ. ಸುಮ್ನೆ ಕೂತು ಸೊಪ್ಪು ಸೋಸಿದೆ. ಸರಿಯಾಗಿ ಸೋಸಿಲ್ಲ ಅಂತ ಅವಳು ಮತ್ತೆ ಸೋಸಿದಳು.

ಕಲ್ಲಿನ ವಿಷಯ ಹೆಚ್ಚು ಬರೆಯುವುದಿಲ್ಲ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಬೆನ್ನ ಮೇಲೆ ಹೊರಬೇಕು. ನಾನು ಮೂರು ಕಲ್ಲು ಇಟ್ಟುಕೊಂಡು ಏಳಲಾರದೆ ಕೂತಾಗ, ನನಗಿಂತ ದೊಡ್ಡ ವಯಸ್ಸಿನ ಒಬ್ಬಾಕೆ ನನ್ನ ಮೂರನ್ನೂ ತನ್ನ ಬುಟ್ಟಿಗೆ ಹಾಕಿಕೊಂಡು ಹೋದಳು.

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಚರ್ಚಿನಲ್ಲಿದ್ದೆ. ಚಪ್ಪಲಿ ಹೊರಗೆ, ನೆಲದ ಮೇಲೆ ಚಾಪೆ, ಎದುರಾದವರೆಲ್ಲ ‘ಜಯ್ ಮಸೀಹ್’. ಪ್ರಾರ್ಥನೆ ಅಂದ ಕೂಡಲೇ ಎಲ್ಲರೂ ಒಟ್ಟಿಗೇ, ಗಟ್ಟಿಯಾಗಿ ಶುರು ಮಾಡಿದರು. ಊರಲ್ಲಿ ನನ್ನ ಪ್ರಾರ್ಥನೆ ಅಂದರೆ ‘ಪರಲೋಕದಲ್ಲಿರುವ ಕೃಪಾಪೂರ್ಣನಾದ’ ಅಂತ ಶುರುವಾಗಿ, ಮಂದಿ ಕೆಮ್ಮುವ ತನಕ ನಡೆಯುತ್ತದೆ. ಇಲ್ಲಿ ನನ್ನ ಕನ್ನಡ ಯಾರಿಗೂ ತಿಳಿಯುವುದಿಲ್ಲ. ಮೆಚ್ಚುವವರಿಲ್ಲ. ‘ದೇವ್ರೇ, ಮೊಣಕಾಲು ನೋಯಾಕತ್ತಾವ. ಈ ಸಾಲಿ ಬೀಳದಂಗ ನೋಡ್ಕೋ. ದೀದಿನ್ನ ಚಲೋ ಇಡು’ ಅಂದೆ. ಮುಗಿಯಿತು. ಕಣ್ಣು ಬಿಟ್ಟರೆ ಉಳಿದವರೆಲ್ಲ ಇನ್ನೂ ಪ್ರಾರ್ಥಿಸುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ. ಹೇಳಲು ಏನೂ ಉಳಿದಿರಲಿಲ್ಲ, ಆದರೂ ಏಳಬೇಕು ಅನ್ನಿಸಲಿಲ್ಲ.

ಬೆಳಗಾವಿಗೆ ಮರಳಿದ ಮೇಲೆ ಮೊದಲ ಪ್ರಶ್ನೆ ಪಕ್ಕದ ಮನೆ ವೈನಿಯದು: ‘ಠಸ್ಸೆ ಎಲ್ಲೈತ್ರಿ, ತೋರಸ್ರಿ.’ ಖಾಲಿ ಪಾಸ್‌ಪೋರ್ಟ್ ತೋರಿಸಿದೆ. ಇವಳು ಗೋವಾ ತನಕವೂ ಹೋಗಿಲ್ಲ ಅಂತ ಅವರ ಮುಖದಲ್ಲಿತ್ತು.

ಎರಡು ತಿಂಗಳ ನಂತರ ಒಂದು ಶನಿವಾರ, ಫೋನಿಗೆ ಫೋಟೋ ಬಂತು. ಚರ್ಚಿನ ಮುಂದೆ ದೀದಿ ನಿಂತಿದ್ದಾಳೆ. ಮೈಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ತೋಳು ಸ್ವಲ್ಪ ಬಿಗಿ. ಕೆಳಗೆ ಒಂದೇ ಸಾಲು: ‘ಖಾನಾ ಮಿಠೋ ಛ.’ ಊಟ ರುಚಿಯಾಗಿದೆ ಅಂತ.