‘ಶಾಲೆ ಹೊಣೆಯಲ್ಲ’ ಅನ್ನೋ ಆ ಒಂದು ಸಾಲು

ಕಳೆದ ವಾರ ಮಗಳ ಡೈರಿಯಲ್ಲಿ ಚೀಟಿ ಬಂದಿತ್ತು. ಶ್ರೀರಂಗಪಟ್ಟಣಕ್ಕೆ ಒಂದು ದಿನದ ಟ್ರಿಪ್. ಬಸ್ಸು, ಊಟ, ದುಡ್ಡು ಎಲ್ಲ ಬರೆದು, ಕೊನೆಯಲ್ಲಿ ಸಣ್ಣಕ್ಷರದಲ್ಲಿ ‘ಏನೇ ಆದರೂ ಶಾಲೆ ಹೊಣೆಯಲ್ಲ’. ಪೆನ್ನು ಹಿಡಿದು ಸುಮ್ನೆ ಕೂತುಬಿಟ್ಟೆ. ಮಗು ಅವರ ಬಸ್ಸಿನಲ್ಲಿ, ಅವರ ಮೇಷ್ಟರ ಜೊತೆ, ಅವರ ಆಯಾ ಕೈ ಹಿಡಿದು ಹೋಗುತ್ತೆ. ಹೊಣೆ ಮಾತ್ರ ನನ್ನದಾ?

ನನ್ನ ತಲೆಯಲ್ಲಿದ್ದದ್ದು ಮಹಾರಾಷ್ಟ್ರದ ಬದ್ಲಾಪುರ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಯೊಂದರ ಕಸ ಗುಡಿಸುವವನ ಮೇಲೆ ಇಬ್ಬರು ಪುಟ್ಟ ಹುಡುಗಿಯರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಜನ ರೈಲು ತಡೆದರು, ಗಲ್ಲಿಗೇರಿಸಿ ಅಂದರು. ಮುಂದಿನ ತಿಂಗಳೇ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಗೊತ್ತಾದರೂ ಪೊಲೀಸರಿಗೆ ತಿಳಿಸಲಿಲ್ಲ ಅಂತ ಶಾಲೆಯವರ ಮೇಲೂ ಕೇಸಾಗಿತ್ತು. ಅದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಬೇಲಿಯೇ ಹೊಲ ಮೇಯ್ದಾಗ ಬೇಲಿಗೆ ಬಡಿಯುತ್ತೇವೆ. ಬೇಲಿ ಹಾಕಿಸಿದವನನ್ನು ಯಾರೂ ಕೇಳಲ್ಲ.

ಕಾನೂನು ಕೇಳುತ್ತೆ, ಆದರೆ ಮೆಲ್ಲಗೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ 21ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇಷ್ಟೇ. 2020ರ ನಿಯಮಗಳಂತೆ ಪ್ರತಿಯೊಬ್ಬ ಸಿಬ್ಬಂದಿಯದ್ದೂ, ಗುತ್ತಿಗೆಯವರದ್ದೂ, ಆಗಾಗ ಪೊಲೀಸ್ ವೆರಿಫಿಕೇಶನ್ ಆಗಬೇಕು. ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳಿ ನೋಡಿ, ಮುಖ ಹೇಗಾಗುತ್ತೆ ಅಂತ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹುಡುಗಿಯರ ಹಾಸ್ಟೆಲ್‌ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ, ಗೊತ್ತಿದ್ದೂ ತಿಳಿಸಲಿಲ್ಲ ಅನ್ನುವ ಆರೋಪ ಹೊತ್ತ ವೈದ್ಯರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತ ಮಾಡಿತು. ಗೊತ್ತಿದ್ದೂ ಸುಮ್ಮನಿರುವುದು ಗಂಭೀರ ಅಪರಾಧ ಅಂತ ಹೇಳಿತು.

ಆದರೆ ‘ನಮಗೆ ಗೊತ್ತೇ ಇರಲಿಲ್ಲ’ ಅಂದರೆ? ಅಲ್ಲೇ ಜಾಸ್ತಿ ಜನ ಜಾರಿಕೊಳ್ಳುವುದು. ಬ್ರಿಟನ್ನಿನಲ್ಲಿ 2001ರ ಲಿಸ್ಟರ್ ಪ್ರಕರಣ ಈ ದಾರಿ ಮುಚ್ಚಿತು. ಹಾಸ್ಟೆಲ್ ವಾರ್ಡನ್ ಒಬ್ಬ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ. ಅದು ಅವನ ಕೆಲಸದ ಭಾಗವಲ್ಲವಲ್ಲ, ನಾವು ಯಾಕೆ ಪರಿಹಾರ ಕೊಡಬೇಕು ಅನ್ನುವುದು ಆ ಹಾಸ್ಟೆಲ್ ನಡೆಸುತ್ತಿದ್ದ ಕಂಪನಿಯ ವಾದ. ಹುಡುಗರನ್ನು ನೋಡಿಕೋ ಅಂತಲೇ ಅವನನ್ನು ಇಟ್ಟದ್ದು, ಅದೇ ಕೆಲಸದ ಒಳಗೇ ಅವನು ಇದನ್ನು ಮಾಡಿದ, ಆದ್ದರಿಂದ ಹೊಣೆ ನಿಮ್ಮದೇ ಅಂತ ಅಲ್ಲಿನ ಅತ್ಯುನ್ನತ ಪೀಠ ಹೇಳಿತು. ಗೊತ್ತಿತ್ತಾ ಇಲ್ಲವಾ ಅನ್ನುವ ಪ್ರಶ್ನೆಯೇ ಬರಲಿಲ್ಲ.

ನಮ್ಮಲ್ಲಿ ಪೋಕ್ಸೋ ಪರಿಹಾರ ಸಾಮಾನ್ಯವಾಗಿ ಹೋಗುವುದು ಸರ್ಕಾರದ ನಿಧಿಯಿಂದ. ಅಂದರೆ ನನ್ನ, ನಿಮ್ಮ ತೆರಿಗೆ ದುಡ್ಡು. ಲಕ್ಷಗಟ್ಟಲೆ ಫೀಸು ತಗೊಂಡ ಆಡಳಿತ ಮಂಡಳಿಯ ಜೇಬಿಗೆ ಬಿಸಿ ತಾಗುವುದು ಅಪರೂಪ. ತಾಗಿದರೆ, ಆಯಾ ಇಂಟರ್‌ವ್ಯೂ ದಿನವೇ ಹತ್ತು ಪ್ರಶ್ನೆ ಕೇಳುತ್ತಾರೆ, ನೋಡ್ತಿರಿ.

ಚೀಟಿಯ ಆ ಸಾಲಿನ ಮೇಲೆ ಗೀಟೆಳೆದು ಸಹಿ ಹಾಕಿದೆ. ಕೆಳಗೆ ‘ಬಸ್ಸಿನ ಹೊಸ ಕ್ಲೀನರ್‌ನ ವೆರಿಫಿಕೇಶನ್ ಆಗಿದೆಯಾ?’ ಅಂತ ಬರೆದೆ. ಸಂಜೆ ಆಫೀಸಿನಿಂದ ಫೋನ್ ಬಂತು. ‘ಏನ್ ಸಾರ್, ಎಲ್ಲಾ ಪೇರೆಂಟ್ಸೂ ಸುಮ್ನೆ ಸೈನ್ ಮಾಡಿದಾರೆ, ನೀವೊಬ್ರೇ...’ ಅಂದರು. ಕ್ಲೀನರ್ ವಿಷಯ ಎತ್ತಲೇ ಇಲ್ಲ.