ಅಧಿಕಪ್ರಸಂಗಿ

ಅಕ್ಕನ ಮಗ ವಿದೇಶದಲ್ಲಿ ಹೆಚ್ಚಿನ ಓದಿಗೆಂದು ಬರೆಯುವ ಜಿಆರ್‌ಇ ಪರೀಕ್ಷೆಗೆ ಓದುತ್ತಿದ್ದಾನೆ. ಸುರತ್ಕಲ್ಲಿನ ಮನೆಯ ಜಗಲಿಯಲ್ಲಿ ಕೂತು ಮೊಬೈಲಲ್ಲಿ ಶಬ್ದ-ಅರ್ಥದ ಕಾರ್ಡು ತಿರುಗಿಸುವುದು, ದಿನಕ್ಕೆ 50 ಇಂಗ್ಲಿಷ್ ಶಬ್ದ. ಭಾನುವಾರ ಹೋದವನು ಹಿಂದಿನ ವಾರದ ಹತ್ತು ಶಬ್ದ ಕೇಳಿದೆ. ಮೂರು ಬಂತು. "ಮೊನ್ನೆವರೆಗೆ ಎಲ್ಲ ಬರ್ತಿತ್ತು ಮಾವ" ಅಂದ.

ನನಗೆ ನಗು ಬರಲಿಲ್ಲ. ಹಂಪನಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥದೇ ಪಟ್ಟಿ ಬಾಯಿಪಾಠ ಮಾಡಿದವ. ಬೆಂಗಳೂರಿನ ಹಿರಿಯರೊಬ್ಬರಿಗೆ ಥ್ಯಾಂಕ್ಸ್ ಪತ್ರ ಬರೆಯಬೇಕಿತ್ತು. 'ಅಫಿಶಿಯಲ್' ಸಪ್ಪೆ ಅನಿಸಿ, ಅದರ ಅಣ್ಣನಂತೆ ಕಂಡ 'ಅಫಿಷಸ್' ಹಾಕಿದೆ. ನಿಮ್ಮ ಅಫಿಷಸ್ ಸಹಾಯಕ್ಕೆ ಋಣಿ, ಅಂತ! ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನಾನು ಅಷ್ಟು ಅಧಿಕಪ್ರಸಂಗ ಮಾಡಿದೆನಾ?"

ಆ ಶಬ್ದ ಮತ್ತೆ ಮರೆತಿಲ್ಲ. ಅದರ ಮೂಲ ಹುಡುಕಿದೆ. ಲ್ಯಾಟಿನ್‌ನಲ್ಲಿ ಸೇವೆ, ಕರ್ತವ್ಯ ಎನ್ನುವ ಮಾತಿನಿಂದ ಬಂದದ್ದು. ಮೊದಲು ಉಪಕಾರಬುದ್ಧಿಯವ ಎಂಬ ಒಳ್ಳೆಯ ಅರ್ಥವೇ ಇತ್ತಂತೆ; ಕೇಳದೆ ಮೂಗು ತೂರಿಸುವ ಅಧಿಕಪ್ರಸಂಗಿ ಎನ್ನುವುದು ಆಮೇಲೆ ಬಂದ ಅರ್ಥ. ಅಂದರೆ ನನ್ನ ಪತ್ರ ಒಂದು ನಾನೂರು ವರ್ಷ ತಡವಾಯಿತು, ಅಷ್ಟೆ.

ಹುಡುಗನಿಗೆ ಲ್ಯಾಟಿನ್‌ನ 'ಮಾತಾಡು' ಧಾತುವಿನ ಸಂಸಾರ ತೋರಿಸಿದೆ. ಲೊಕ್ವೇಷಸ್ ಅಂದರೆ ಬಾಯಿಬಡುಕ, ಎಲೊಕ್ವೆಂಟ್ ಒಳ್ಳೆ ಮಾತುಗಾರ, ಕಲೋಕ್ವಿಯಲ್ ಆಡುಮಾತು, ಸೊಲಿಲೊಕ್ವಿ ಯಕ್ಷಗಾನದ ವೇಷಧಾರಿ ಒಬ್ಬನೇ ನಿಂತು ಆಡುವಂಥ ಸ್ವಗತ. ನಾಲ್ಕೂ ಕೂತವು. ಆದರೆ ಮೂಲ ಗೊತ್ತಾದರೆ ಬಾಗಿಲವರೆಗೆ ಹೋಗಬಹುದು, ಒಳಗಿನ ರುಚಿ ಬೇರೆ. ಅದಕ್ಕೆ ನಾನೇ ಸಾಕ್ಷಿ.

ಕಿಟೆಲರಿಗೆ ಇದು ಗೊತ್ತಿತ್ತು. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದ. ಬರೀ ಅರ್ಥ ಬರೆದು ಕೈತೊಳೆದುಕೊಂಡಿಲ್ಲ ಪುಣ್ಯಾತ್ಮ. ಗಾದೆ, ಕಾವ್ಯದ ಸಾಲು ಹುಡುಕಿ ಪಕ್ಕದಲ್ಲಿಟ್ಟಿದ್ದಾರೆ. ಜಿಆರ್‌ಇಯವರೂ ವಿರುದ್ಧಪದದ ಪ್ರಶ್ನೆಗಳನ್ನು 2011ರಲ್ಲೇ ತೆಗೆದು, ವಾಕ್ಯದೊಳಗೆ ಶಬ್ದ ತುಂಬಿಸಲು ಕೇಳುತ್ತಾರೆ. ಆದರೂ ನಮ್ಮಲ್ಲಿ ಪಟ್ಟಿ ಉರು ಹೊಡೆಯುವುದು ನಿಂತಿಲ್ಲ. ಇವ ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಗೆಳೆಯರೊಟ್ಟಿಗೆ ಬ್ಯಾರಿ ಮಾತಾಡುವವ. ಯಾವುದನ್ನು ಕಾರ್ಡು ತಿರುಗಿಸಿ ಕಲಿತ?

ದಿನಕ್ಕೆ ಐದೇ ಶಬ್ದ ಸಾಕು, ಆದರೆ ಐದನ್ನೂ ಮನೆಯವರ ಮೇಲೆ ಪ್ರಯೋಗಿಸು ಅಂದೆ. ಹೊರಡುವಾಗ ಅಕ್ಕ, ಬೇಡ ಬೇಡ ಅಂದರೂ, ಹಲಸಿನ ಹಪ್ಪಳದ ಎರಡು ಕಟ್ಟು ಬ್ಯಾಗಿಗೆ ತುರುಕಿದಳು.

"ಅಮ್ಮ ಅಫಿಷಸ್" ಅಂದ ಇವ.

ಹಳೆ ಅರ್ಥದಲ್ಲೋ ಹೊಸ ಅರ್ಥದಲ್ಲೋ, ನಾನು ಕೇಳಲು ಹೋಗಲಿಲ್ಲ.