ಅಜ್ಜಿ ಓದಿದ ಪದ ಪುಸ್ತಕದಲ್ಲಿರಲಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಭಾನುವಾರ ಬೆಳಗ್ಗೆ ಜಾಗ ಸಿಗುವುದು ಕಷ್ಟ. ಇರುವುದು ಆರು ಮೆಷಿನ್, ಅದರಲ್ಲಿ ಎರಡು ಯಾವಾಗಲೂ ಕೆಟ್ಟಿರುತ್ತವೆ. ಹೋದ ತಿಂಗಳು ನನ್ನ ಬಟ್ಟೆ ಡ್ರೈಯರಿನಲ್ಲಿ ಸುತ್ತುತ್ತಿರುವಾಗ ಎದುರಿನ ಬೆಂಚಿನ ಮೇಲೆ ಒಬ್ಬರು ಅಜ್ಜಿ, ಪಕ್ಕದಲ್ಲಿ ಐದಾರು ವರ್ಷದ ಮೊಮ್ಮಗ ಕೂತಿದ್ದರು. ಅಜ್ಜಿ ಮೆಕ್ಸಿಕೋದ ಮಿಚೊವಕಾನ್ ಕಡೆಯವರು. ಸಿಕ್ಕಾಗಲೆಲ್ಲ ನಗುತ್ತಾರೆ, ನನ್ನ ಹರಕುಮುರುಕು ಸ್ಪ್ಯಾನಿಷ್ ಕೇಳಿದ ಮೇಲೆ ಇನ್ನೂ ಜೋರಾಗಿ ನಗುತ್ತಾರೆ. ಮಡಿಲಲ್ಲಿ ಲೈಬ್ರರಿಯಿಂದ ತಂದ ಚಿತ್ರಪುಸ್ತಕ. ಪುಟದ ಮೇಲ್ಗಡೆ ಇಂಗ್ಲಿಷ್, ಕೆಳಗಡೆ ಸ್ಪ್ಯಾನಿಷ್. ಮೇಲಿನದನ್ನು ಹುಡುಗ ಓದುತ್ತಿದ್ದ, ಕೆಳಗಿನದನ್ನು ಅಜ್ಜಿ ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದರು. ಗಾಳಿಪಟದ ಪುಟ ಬಂತು. ಅಚ್ಚಾಗಿದ್ದದ್ದು ‘ಕೊಮೇತಾ’. ಅಜ್ಜಿ ಓದಿದ್ದು ‘ಪಾಪಾಲೋತೆ’.

ಹುಡುಗ ಬಿಡುತ್ತಾನೆಯೇ? ಅಕ್ಷರ ತೋರಿಸಿ ತಕರಾರು ತೆಗೆದ. ಅಜ್ಜಿ ಪುಸ್ತಕದ ಕಡೆ ನೋಡಲೂ ಇಲ್ಲ. ನನಗೆ ಅರ್ಥವಾದ ಮಟ್ಟಿಗೆ ಅವರು ಹೇಳಿದ್ದು ಇಷ್ಟು: ‘ಬರೆದವರಿಗೆ ಗೊತ್ತಿಲ್ಲ ಬಿಡು ಕಂದ, ಅದು ಪಾಪಾಲೋತೆ.’

ಆಮೇಲೆ ನೋಡಿದರೆ ಇಬ್ಬರದೂ ಸರಿ. ಸ್ಪೇನಿನಲ್ಲಿ ಗಾಳಿಪಟ ಕೊಮೇತಾ. ಮೆಕ್ಸಿಕೋದಲ್ಲಿ ಪಾಪಾಲೋತೆ, ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಚಿಟ್ಟೆಗೆ ಇರುವ ಪದದಿಂದ ಬಂದದ್ದು. ಗ್ವಾಟೆಮಾಲಾದವರಿಗೆ ಬಾರಿಲೇತೆ, ಎಲ್ ಸಾಲ್ವಡಾರ್‌ನವರಿಗೆ ಪಿಸ್ಕೂಚಾ, ಪೋರ್ಟೊ ರಿಕೊದಲ್ಲಿ ಚಿರಿಂಗಾ, ಚಿಲಿಯಲ್ಲಿ ವೊಲಾಂತಿನ್. ಪರಂಗಿಹಣ್ಣಿನ ಕಥೆಯೂ ಹೀಗೇ. ಬಹಳ ಕಡೆ ಪಾಪಾಯಾ, ಪೋರ್ಟೊ ರಿಕೊದಲ್ಲಿ ಲೆಚೋಸಾ, ಕ್ಯೂಬಾದಲ್ಲಿ ಫ್ರೂತಾ ಬೊಂಬಾ. ಪರಂಗಿ, ಪಪ್ಪಾಯಿ, ಬಪ್ಪಂಗಾಯಿ ಅಂತ ಒಂದೇ ಹಣ್ಣಿಗೆ ಜಗಳವಾಡುವ ನಮಗೆ ಇದನ್ನೇನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ತಿಂಗಳಿಗೆ ಎರಡು ಶನಿವಾರ ಹತ್ತಿರದ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಸುಮ್ಮನೆ ಕೈಜೋಡಿಸುತ್ತೇನೆ, ಸಂಬಳವಿಲ್ಲದ ಕೆಲಸ. ಅಲ್ಲಿ ಕೂತು ಕೂತು ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಎರಡು ಭಾಷೆಯ ಪುಸ್ತಕವನ್ನು ಎಲ್ಲರೂ ಮಗುವಿಗೆ ಭಾಷೆ ಕಲಿಸುವ ಸಾಧನ ಅಂದುಕೊಂಡಿದ್ದಾರೆ. ಪುಸ್ತಕದ ಬೆನ್ನಿನ ಮೇಲಿನ ಜಾಹೀರಾತಿನಲ್ಲೂ ಅದೇ ಇರುತ್ತದೆ: ನಿಮ್ಮ ಮಗು ನೂರು ಪದ ಕಲಿಯುತ್ತದೆ, ಮೆದುಳು ಚುರುಕಾಗುತ್ತದೆ. ನನಗೆ ಕಂಡ ಹಾಗೆ ಆ ಕೆಳಗಿನ ಸಾಲು ಇರುವುದು ದೊಡ್ಡವರಿಗಾಗಿ. ಇಂಗ್ಲಿಷ್ ಬಾರದ ಅಜ್ಜಿ, ಹೋಟೆಲಿನಲ್ಲಿ ಪಾತ್ರೆ ತೊಳೆದು ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವ ಅಪ್ಪ, ಇವರೂ ಮಗುವಿಗೆ ಓದಿ ಹೇಳುವ ಜಾಗದಲ್ಲಿ ಕೂರಬಹುದು. ಇಂಗ್ಲಿಷ್ ಮಾತ್ರ ಇರುವ ಪುಸ್ತಕ ಆ ಮನೆಗೆ ಹೋದರೆ ಆರು ವರ್ಷದ ಪೋರ ಮೇಷ್ಟ್ರಾಗುತ್ತಾನೆ, ಅಜ್ಜಿ ವಿದ್ಯಾರ್ಥಿನಿ. ಬ್ಯಾಂಕಿನ ಕಾಗದ, ಡಾಕ್ಟರ ಚೀಟಿ ಎಲ್ಲದಕ್ಕೂ ಆ ಮಕ್ಕಳೇ ದುಭಾಷಿಗಳು. ಮಲಗುವ ಹೊತ್ತಿನಲ್ಲಾದರೂ ದೊಡ್ಡವರು ದೊಡ್ಡವರಾಗಿರಲಿ.

ಇದನ್ನು ನೂರು ವರ್ಷದ ಹಿಂದೆಯೇ ಕಂಡುಕೊಂಡ ಹೆಂಗಸೊಬ್ಬರಿದ್ದರು, ಪೂರಾ ಬೆಲ್‌ಪ್ರೇ. ಪೋರ್ಟೊ ರಿಕೊದ ಸಿದ್ರಾ ಎಂಬ ಊರಿನವರು. 1920ರ ಸುಮಾರಿಗೆ ನ್ಯೂಯಾರ್ಕಿಗೆ ಬಂದು, ಅಲ್ಲಿನ ಪಬ್ಲಿಕ್ ಲೈಬ್ರರಿಯ ಹಾರ್ಲೆಮ್ ಶಾಖೆಯಲ್ಲಿ ಕೆಲಸಕ್ಕೆ ಸೇರಿದರು. ಆ ಲೈಬ್ರರಿ ವ್ಯವಸ್ಥೆಯಲ್ಲಿ ಪೋರ್ಟೊ ರಿಕೊ ಮೂಲದ ಮೊದಲ ಲೈಬ್ರೇರಿಯನ್ ಅವರೇ. ಜಾನಪದ ಕಥೆಗಳ ಕಪಾಟಿನಲ್ಲಿ ಲೋಕದ ಕಥೆಗಳೆಲ್ಲ ಇದ್ದವು, ತಮ್ಮ ದ್ವೀಪದ್ದು ಒಂದೂ ಇರಲಿಲ್ಲ. ಆಗ ಅವರು ಅಜ್ಜಿಯಿಂದ ಕೇಳಿದ ಕಥೆಯನ್ನು ಎತ್ತಿಕೊಂಡರು. ಮಾರ್ತೀನಾ ಎಂಬ ಜಿರಳೆ, ಪೇರೆಸ್ ಎಂಬ ಇಲಿ. ಜಿರಳೆಯಮ್ಮನನ್ನು ಮದುವೆಯಾಗಲು ಪ್ರಾಣಿಗಳೆಲ್ಲ ಸಾಲಾಗಿ ಬರುತ್ತವೆ, ಅವಳು ಒಪ್ಪುವುದು ಇಲಿಯನ್ನು. ಕೊನೆಗೆ ಆ ಆಸೆಬುರುಕ ಹಬ್ಬಕ್ಕೆ ಮಾಡಿದ ಅಕ್ಕಿ ಪಾಯಸದ ಹಂಡೆಗೆ ಬಿದ್ದು ಸಾಯುತ್ತಾನೆ. ಸಾಯುತ್ತಾನೆ, ಹೌದು! ಹಿಂದಿನ ಕಾಲದ ಅಜ್ಜಿಯರು ಮಕ್ಕಳಿಗೆ ಸಾವನ್ನು ಬಚ್ಚಿಡುತ್ತಿರಲಿಲ್ಲ. ಈ ಕಥೆ 1932ರಲ್ಲಿ ಪುಸ್ತಕವಾಯಿತು. 115ನೇ ಬೀದಿಯ ಶಾಖೆಗೆ ಹೋದ ಮೇಲೆ ಬೆಲ್‌ಪ್ರೇ ಎರಡೂ ಭಾಷೆಯಲ್ಲಿ ಕಥೆ ಹೇಳಿದರು, ಬೊಂಬೆಯಾಟ ಆಡಿಸಿದರು, ಜನವರಿಯ ಮೂವರು ರಾಜರ ಹಬ್ಬವನ್ನು ಲೈಬ್ರರಿಯೊಳಗೇ ಮಾಡಿದರು. ಹಬ್ಬ ಅಂದಮೇಲೆ ಮಕ್ಕಳ ಹಿಂದೆ ಅಮ್ಮಂದಿರೂ ಬಂದೇ ಬರುತ್ತಾರಲ್ಲ! 1996ರಿಂದ ಅವರ ಹೆಸರಿನಲ್ಲಿ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿ ಕೊಡುತ್ತಿದ್ದಾರೆ.

ಅದೇ ದೇಶದ ಇನ್ನೊಂದು ಮೂಲೆಯಲ್ಲಿ ಆಗುತ್ತಿದ್ದದ್ದೇ ಬೇರೆ. ಟೆಕ್ಸಾಸಿನ ಮಾರ್ಫಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬ್ಲ್ಯಾಕ್‌ವೆಲ್ ಶಾಲೆ ಇತ್ತು. 1954ರಲ್ಲಿ ಅಲ್ಲಿ ಮಕ್ಕಳ ಕೈಯಲ್ಲಿ ‘ನಾನು ಸ್ಪ್ಯಾನಿಷ್ ಮಾತಾಡುವುದಿಲ್ಲ’ ಅಂತ ಚೀಟಿ ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಅಂಗಳದಲ್ಲಿ ಗುಂಡಿ ತೋಡಿ ಹೂಳಿಸಿದರು. ಶವಸಂಸ್ಕಾರದ ಅಣಕ. ಸತ್ತವನಿಗೆ ‘ಮಿಸ್ಟರ್ ಸ್ಪ್ಯಾನಿಷ್’ ಅಂತ ಹೆಸರು ಬೇರೆ. ಆ ಮಕ್ಕಳು ಬೆಳೆದು ತಾವೇ ತಂದೆತಾಯಿಯಾದಾಗ ‘ನಮ್ಮ ಪಾಡು ಇವುಗಳಿಗೆ ಬೇಡ’ ಅಂತ ಮನೆಯಲ್ಲೂ ಇಂಗ್ಲಿಷಿಗೇ ಹೊರಳಿಕೊಂಡಿದ್ದರೆ ಅವರನ್ನು ದೂರುವುದು ಹೇಗೆ? ಆ ಶಾಲೆಯ ಕಟ್ಟಡ ಈಗ ರಾಷ್ಟ್ರೀಯ ಐತಿಹಾಸಿಕ ತಾಣ.

ನನ್ನ ಆಫೀಸಿನಲ್ಲಿ ಒಬ್ಬನಿದ್ದಾನೆ, ಮನೆತನದ ಹೆಸರು ಅಪ್ಪಟ ಸ್ಪ್ಯಾನಿಷ್, ಆ ಭಾಷೆ ಮಾತ್ರ ಬಾರದು. ಇಂಥವರಿಗೆ ‘ನೋ ಸಾಬೋ ಕಿಡ್ಸ್’ ಅಂತ ಹಂಗಿಸುವ ಹೆಸರಿದೆ. ‘ನನಗೆ ಗೊತ್ತಿಲ್ಲ’ ಅನ್ನಲು ಸ್ಪ್ಯಾನಿಷಿನಲ್ಲಿ ‘ನೋ ಸೇ’ ಅನ್ನಬೇಕು. ವ್ಯಾಕರಣದ ಸಾಮಾನ್ಯ ನಿಯಮ ಹಿಡಿದು ಹೋದವರು ‘ನೋ ಸಾಬೋ’ ಅಂದುಬಿಡುತ್ತಾರೆ. ನಮ್ಮ ಇಲ್ಲಿನ ಮಕ್ಕಳು ‘ತಿಂದೆ’ ಅನ್ನುವ ಬದಲು ‘ತಿನ್ನಿದೆ’ ಅನ್ನುವ ಹಾಗೆ. ನಿಜ ಹೇಳಬೇಕೆಂದರೆ ಅದು ಬುದ್ಧಿವಂತಿಕೆಯ ತಪ್ಪು. ಆದರೆ ನಗುವವರು ನಗುತ್ತಾರೆ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆಯ 2023ರ ವರದಿಯಲ್ಲಿ, ಸ್ಪ್ಯಾನಿಷ್ ಸರಿಯಾಗಿ ಬಾರದ ಲ್ಯಾಟಿನೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಬೇರೆ ಲ್ಯಾಟಿನೋಗಳೇ ತಮ್ಮನ್ನು ಹಂಗಿಸಿದ್ದಾರೆ ಅಂದಿದ್ದರು. ಒಂದು ತಲೆಮಾರಿಗೆ ಮಾತಾಡಿದರೆ ಶಿಕ್ಷೆ, ಮೊಮ್ಮಕ್ಕಳಿಗೆ ಮಾತಾಡದಿದ್ದರೆ ಗೇಲಿ. ಈ ನನ್ನ ಸಹೋದ್ಯೋಗಿ ಈಗ ಎರಡು ವರ್ಷದ ಮಗಳಿಗೆ ದಪ್ಪ ರಟ್ಟಿನ ಪುಸ್ತಕ ಓದುತ್ತಾನೆ, ಲಿಲ್ ಲಿಬ್ರೋಸ್ ಅವರದ್ದು. ಇಬ್ಬರು ಗೆಳತಿಯರು ತಮ್ಮ ಮಕ್ಕಳಿಗೆ ಬೇಕಾದ್ದು ಸಿಗದೆ 2014ರಲ್ಲಿ ಶುರುಮಾಡಿದ ಪ್ರಕಾಶನ ಅದು. ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೋ ಜೊತೆ ಒಂದು ಎರಡು ಎಣಿಸುವುದು, ಅಲ್ಲಿನ ಕ್ರಾಂತಿಕಾರಿ ಜಪಾತಾ ಜೊತೆ ಬಣ್ಣ ಗುರುತಿಸುವುದು. ‘ಉನೋ, ದೋಸ್ ಅನ್ನುವುದನ್ನು ನಾನೂ ಅವಳ ಜೊತೆಗೇ ಕಲಿಯುತ್ತಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ’ ಅಂತ ಕಣ್ಣು ಮಿಟುಕಿಸುತ್ತಾನೆ.

ಇದರ ತಿರುವುಮುರುವೂ ಉಂಟು. ಮೆಕ್ಸಿಕೋದ ಶಾಲಾಪಾ ಊರಿನ ಯೂಯಿ ಮೊರಾಲೆಸ್ 1994ರಲ್ಲಿ ಕೈಗೂಸಿನೊಂದಿಗೆ ಅಮೆರಿಕಕ್ಕೆ ಬಂದಾಗ ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಲೈಬ್ರರಿಯಲ್ಲಿ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರಪುಸ್ತಕ ನೋಡುತ್ತಾ ನೋಡುತ್ತಾ ಭಾಷೆ ಕಲಿತರು. ಈಗ ಅವರೇ ಹೆಸರಾಂತ ಚಿತ್ರಪುಸ್ತಕಗಾರ್ತಿ.

ಇನ್ನು ಪುಟದ ವಿಷಯಕ್ಕೆ ಬರುತ್ತೇನೆ, ನನ್ನ ಸಿಟ್ಟಿರುವುದು ಅಲ್ಲೇ. ಎಷ್ಟೋ ಪುಸ್ತಕಗಳಲ್ಲಿ ಇಂಗ್ಲಿಷ್ ಮೇಲೆ, ದಪ್ಪಕ್ಷರದಲ್ಲಿ. ಸ್ಪ್ಯಾನಿಷ್ ಕೆಳಗೆ, ಸಣ್ಣದಾಗಿ, ಓರೆ ಅಕ್ಷರದಲ್ಲಿ. ಸ್ಪ್ಯಾನಿಷ್ ವಾಕ್ಯ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಉದ್ದ. ಉದ್ದದ್ದನ್ನು ಸಣ್ಣ ಜಾಗಕ್ಕೆ ತುರುಕಿದರೆ ಇರುವೆ ಸಾಲಾಗುತ್ತದೆ. ಎಪ್ಪತ್ತು ವರ್ಷದ ಕಣ್ಣಿಗೆ ಓದಲು ಕೊಡುವ ಸಾಲನ್ನೇ ಹೀಗೆ ಕಿರಿದು ಮಾಡಿದರೆ ಏನು ಹೇಳುವುದು? ಮಗು ಓದುವುದಕ್ಕೆ ಮುಂಚೆಯೇ ನೋಡುತ್ತದೆ. ಯಾವ ಭಾಷೆ ಯಜಮಾನ, ಯಾವುದು ಬಾಡಿಗೆದಾರ ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಸರಿಯಾಗಿ ಮಾಡಿದವರಿಲ್ಲವೇ ಅಂದರೆ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1975ರಲ್ಲಿ ಹುಟ್ಟಿದ ಚಿಲ್ಡ್ರನ್ಸ್ ಬುಕ್ ಪ್ರೆಸ್ ಇದನ್ನು ವ್ರತದಂತೆ ಮಾಡಿತು. ಕಾರ್ಮೆನ್ ಲೋಮಾಸ್ ಗಾರ್ಸಾ ಟೆಕ್ಸಾಸಿನ ತಮ್ಮ ಬಾಲ್ಯವನ್ನು ಬಿಡಿಸಿದ ‘ಕ್ವಾದ್ರೋಸ್ ದೆ ಫಮೀಲಿಯಾ’ ಅವರೇ 1990ರಲ್ಲಿ ಹೊರತಂದದ್ದು. ಇಡೀ ಮನೆ ಒಟ್ಟಿಗೆ ಕೂತು ಹಬ್ಬಕ್ಕೆ ತಮಾಲೆ, ಅಂದರೆ ಜೋಳದ ಹಿಟ್ಟಿನ ಕಡುಬು, ಮಾಡುವ ಚಿತ್ರವಿದೆ ಅದರಲ್ಲಿ. ಆ ಪುಟ ಕಂಡರೆ ನಮ್ಮ ಲೈಬ್ರರಿಗೆ ಬರುವ ತಾಯಂದಿರು ಓದುವುದನ್ನು ನಿಲ್ಲಿಸಿ ತಮ್ಮನೆ ಕಥೆ ಶುರುಮಾಡುತ್ತಾರೆ, ಪುಸ್ತಕ ಅಲ್ಲೇ ಮಡಿಲಲ್ಲಿ ಉಳಿಯುತ್ತದೆ. ಹೊಲದ ಕೂಲಿಕಾರರ ಮಗನಾಗಿ ಊರೂರು ಅಲೆದ ಹುವಾನ್ ಫೆಲಿಪೆ ಎರೇರಾ ಕೂಡ ತಮ್ಮ ಬಾಲ್ಯವನ್ನು ಎರಡೂ ಭಾಷೆಯಲ್ಲಿ ಇದೇ ಪ್ರಕಾಶನಕ್ಕೆ ಬರೆದುಕೊಟ್ಟರು. ಆಮೇಲೆ, 2015ರಲ್ಲಿ, ಅಮೆರಿಕದ ರಾಷ್ಟ್ರಕವಿಯಾದರು.

ಮಾರುವವರ ಕಥೆಯನ್ನೂ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರೂಬೆನ್ ಮಾರ್ತಿನೆಸ್ ಅಂತ ಕ್ಷೌರಿಕರು. ಅಂಗಡಿಯಲ್ಲಿ ಸರದಿಗೆ ಕಾಯುವವರಿಗೆ ಓದಲೆಂದು ಪುಸ್ತಕ ಇಟ್ಟರು. ಜನ ಮನೆಗೆ ಒಯ್ದರು, ಕೆಲವರು ವಾಪಸು ತರಲಿಲ್ಲ. ಮಾರ್ತಿನೆಸ್ ಇಡುವುದನ್ನು ನಿಲ್ಲಿಸಲಿಲ್ಲ, ಮಾರಲೂ ಶುರುಮಾಡಿದರು. ಬರಬರುತ್ತಾ ಕತ್ತರಿ ಹಿಂದೆ ಸರಿದು ಅಂಗಡಿಯೇ ಪುಸ್ತಕದಂಗಡಿಯಾಯಿತು. 2004ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು, ವಿಜ್ಞಾನಿಗಳಿಗೂ ಕಲಾವಿದರಿಗೂ ಕೊಡುವಂಥದ್ದು. ‘ಲ್ಯಾಟಿನೋ ಮನೆಗಳಲ್ಲಿ ಓದುವ ಅಭ್ಯಾಸವಿಲ್ಲ’ ಅಂತ ಅರೆಗಣ್ಣಿನಲ್ಲಿ ಮಾತಾಡುವವರಿಗೆ ನಾನು ಈ ಕಥೆ ಹೇಳುತ್ತೇನೆ. ಆ ಮನೆಗಳಲ್ಲಿ ಲೋತೆರಿಯಾ ಆಡುತ್ತಾರೆ, ನಮ್ಮ ಹೌಸಿ ಇದ್ದ ಹಾಗೆ. ಅಂಕಿಯ ಬದಲು ಚಿತ್ರ, ಚಿತ್ರದ ಕೆಳಗೆ ಪದ: ಎಲ್ ಗಾಯೋ, ಹುಂಜ. ಲಾ ಲೂನಾ, ಚಂದ್ರ. ಕೂಗುವವರು ಪ್ರತಿ ಚಿತ್ರಕ್ಕೂ ಒಗಟಿನಂಥ ಸಾಲು ಕಟ್ಟಿ ಕೂಗುತ್ತಾರೆ. ಇದೂ ಓದೇ ಅಲ್ಲವೇ? ಮಗು ಬಿದ್ದು ಮಂಡಿ ತರಚಿಕೊಂಡರೆ ಸವರುತ್ತಾ ‘ಸಾನಾ ಸಾನಾ, ಕೊಲಿತಾ ದೆ ರಾನಾ’ ಅನ್ನುತ್ತಾರೆ. ವಾಸಿಯಾಗು ವಾಸಿಯಾಗು, ಕಪ್ಪೆಯ ಪುಟ್ಟ ಬಾಲವೇ, ಇವತ್ತು ಆಗದಿದ್ದರೆ ನಾಳೆ ಆಗು. ಕಪ್ಪೆಗೆಲ್ಲಿಯ ಬಾಲ? ಪ್ರಾಸಕ್ಕೆ ಬೇಕಿತ್ತು, ಅಂಟಿಸಿದರು. ಇಂಗ್ಲಿಷಿಗೆ ತಂದರೆ ಪ್ರಾಸ ಹೋಗಿ ಬಾಲವಷ್ಟೇ ಉಳಿಯುತ್ತದೆ.

ಒಂದು ವಾದ ನನಗೂ ತಟ್ಟುತ್ತದೆ. ಪಕ್ಕದಲ್ಲೇ ಇಂಗ್ಲಿಷ್ ಇದ್ದರೆ ಮಗುವಿನ ಕಣ್ಣು ಅಲ್ಲಿಗೇ ಜಾರುತ್ತದೆ, ಆದ್ದರಿಂದ ಬರೀ ಸ್ಪ್ಯಾನಿಷ್ ಪುಸ್ತಕವೇ ಬೇಕು ಅಂತ. ನಿಜ, ಅವೂ ಬೇಕು. ಆದರೆ ಅದು ಶಾಲೆಯ ಲೆಕ್ಕ. ಶಾಲೆಯ ಗಾಳಿಯಂತೂ ಚುನಾವಣೆಗೊಮ್ಮೆ ದಿಕ್ಕು ಬದಲಿಸುತ್ತದೆ: ನಮ್ಮ ಕ್ಯಾಲಿಫೋರ್ನಿಯಾ 1998ರಲ್ಲಿ ಮತ ಹಾಕಿ ದ್ವಿಭಾಷಾ ಶಿಕ್ಷಣವನ್ನು ಹೆಚ್ಚುಕಡಿಮೆ ಮುಚ್ಚಿಸಿತು, 2016ರಲ್ಲಿ ಮತ ಹಾಕಿಯೇ ಮತ್ತೆ ತೆರೆಯಿತು. ಮಧ್ಯದ ಹದಿನೆಂಟು ವರ್ಷವೂ ಬೆಂಚಿನ ಮೇಲೆ ಅಜ್ಜಿ ಇದ್ದರು.

ಅವರನ್ನು ನೋಡಿ ನನಗೊಂದು ಸಣ್ಣ ಹೊಟ್ಟೆಕಿಚ್ಚು. ಸ್ಪ್ಯಾನಿಷಿಗೂ ಇಂಗ್ಲಿಷಿಗೂ ಲಿಪಿ ಒಂದೇ. ಇಂಗ್ಲಿಷ್ ಓದಲು ಬರುವ ಮಗು ಕೆಳಗಿನ ಸಾಲನ್ನೂ ತಡವರಿಸುತ್ತಾ ಉಚ್ಚರಿಸಿಬಿಡುತ್ತದೆ. ಚೆನ್ನೈನ ತೂಲಿಕಾ ಪ್ರಕಾಶನದವರು ತರುವ ಕನ್ನಡ-ಇಂಗ್ಲಿಷ್ ಪುಸ್ತಕಗಳು ನಮ್ಮ ಮನೆಯಲ್ಲೂ ಇವೆ. ನನ್ನ ಮಗಳಿಗೆ ಅದರ ಕನ್ನಡ ಸಾಲು ಚಂದದ ರಂಗೋಲಿ, ಅಷ್ಟೇ. ಅಮ್ಮ ಹಾಸನದಿಂದ ಬಂದು ಆರು ತಿಂಗಳು ಇದ್ದಾಗ ಮಾತ್ರ ಅದಕ್ಕೆ ದನಿ ಬರುತ್ತದೆ. ‘ಓದ್ ಹೇಳಜ್ಜಿ’ ಅಂದರೆ ಅಮ್ಮ ಕನ್ನಡಕ ಹುಡುಕುತ್ತಾರೆ. ಅವರೂ ಅಚ್ಚಾದದ್ದನ್ನು ಅಚ್ಚಾದಂತೆ ಓದಿದ್ದನ್ನು ನಾನು ಕಂಡಿಲ್ಲ.

ಹೋದ ಶನಿವಾರ ಲೈಬ್ರರಿಯಲ್ಲಿ ನನಗೆ ಕೊಟ್ಟಿದ್ದ ಕೆಲಸ, ವಾಪಸು ಬಂದ ಪುಸ್ತಕಗಳಲ್ಲಿ ಪೆನ್ಸಿಲ್ ಗೀಚಿದ್ದರೆ ರಬ್ಬರಿನಲ್ಲಿ ಅಳಿಸುವುದು. ಕೈಗೆ ಬಂದದ್ದು ಆ ಗಾಳಿಪಟದ ಪುಸ್ತಕವೇ. ‘ಕೊಮೇತಾ’ ಮೇಲೆ ಒಂದು ತೆಳುಗೆರೆ, ಪಕ್ಕದಲ್ಲಿ ನಡುಗುವ ಅಕ್ಷರದಲ್ಲಿ ‘ಪಾಪಾಲೋತೆ’. ಅದರ ಕೆಳಗೆ ಬೇರೆ ಯಾರದೋ ದುಂಡನೆಯ ಕೈಬರಹದಲ್ಲಿ ‘ಪಿಸ್ಕೂಚಾ’. ಅತ್ತಿತ್ತ ನೋಡಿದೆ. ರಬ್ಬರನ್ನು ಡ್ರಾಯರಿನಲ್ಲಿಟ್ಟು, ಪುಸ್ತಕವನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸಿ ಬಂದೆ. ಪಕ್ಕದ ಬೀದಿಯಲ್ಲಿ ಗ್ವಾಟೆಮಾಲಾದವರ ಎರಡು ಮನೆ ಇದೆ, ಅವರಿನ್ನೂ ಒಯ್ದಿಲ್ಲ.